ಎರಡು ದಿನ ಕಳೆದ ಬುಧವಾರ: ಲ್ಯಾಟಿನ್ ವೃತ್ತಾಂತಗಳ ಧಾರ್ಮಿಕ ಕಾಲನಿರ್ದೇಶಗಳನ್ನು ಓದುವ ಬಗೆ

ಕ್ರಿ.ಶ. 1127ರ ಮಾರ್ಚ್ 2ರ ಮುಂಜಾನೆ ಫ್ಲಾಂಡರ್ಸ್‌ನ ಕೌಂಟ್ ಚಾರ್ಲ್ಸ್, ಬ್ರೂಜ್ ನಗರದ ಸಂತ ದೊನಾತಿಯಾನನ ಚರ್ಚಿನಲ್ಲಿ ಪ್ರಾರ್ಥಿಸುತ್ತಿದ್ದಾಗ ಎರೆಂಬಾಲ್ಡ್ ಮನೆತನದವರ ಕತ್ತಿಗೆ ಬಲಿಯಾದ. ಆ ಮನೆತನದವರು ಮೂಲತಃ ಜೀತದ ಕುಲದವರೆಂದು ಸಾಧಿಸಿ ಅವರನ್ನು ಮತ್ತೆ ತನ್ನ ಅಧೀನಕ್ಕೆ ತರಲು ಅವನು ಹೊರಟಿದ್ದೇ ಕೊಲೆಗೆ ಮುಖ್ಯ ಕಾರಣ. ಮುಂದಿನ ತಿಂಗಳುಗಳ ಮುತ್ತಿಗೆ, ಸೇಡು, ಉತ್ತರಾಧಿಕಾರದ ಯುದ್ಧ ಇವೆಲ್ಲವನ್ನೂ ಕಣ್ಣಾರೆ ಕಂಡು ಬರೆದಿಟ್ಟವನು ಬ್ರೂಜ್‌ನ ಗಾಲ್ಬರ್ಟ್. ಅವನು ವೃತ್ತಿಯಿಂದ ನೋಟರಿ, ಎಂದರೆ ಲೆಕ್ಕಪತ್ರ ಮತ್ತು ದಸ್ತಾವೇಜುಗಳನ್ನು ಬರೆಯುವ ಕರಣಿಕ. ಗಲಭೆಯ ನಡುವೆ ಮೇಣದ ಹಲಗೆಗಳ ಮೇಲೆ ಗುರುತು ಹಾಕಿಕೊಂಡು, ಬಿಡುವಾದಾಗ ಅವನ್ನು ವಿಸ್ತರಿಸಿ ಬರೆದ ಈ ಲ್ಯಾಟಿನ್ ವೃತ್ತಾಂತವನ್ನು ಆಂರಿ ಪಿರೆನ್ 1891ರಲ್ಲಿ ಸಂಪಾದಿಸಿದ ಮೇಲೆ, ಮಧ್ಯಯುಗದ ನಗರಜೀವನವನ್ನು ಅಭ್ಯಸಿಸುವವರಿಗೆ ಅದು ತಪ್ಪಿಸಲಾಗದ ಆಕರವಾಗಿದೆ.

ಕೊಲೆಯ ದಿನವನ್ನು ಗಾಲ್ಬರ್ಟ್ ಹೇಳುವ ರೀತಿ ಮೊದಲ ಓದಿಗೆ ಅತಿಯೆನಿಸುತ್ತದೆ. ವರ್ಷ 1127 ಎನ್ನುತ್ತಾನೆ. ಮಾರ್ಚ್ ತಿಂಗಳ ನೋನ್ಸ್‌ಗೆ ಮುಂಚಿನ ಆರನೆಯ ದಿನ ಎನ್ನುತ್ತಾನೆ. ಅದು ಸಾಲದೆಂಬಂತೆ, ತಿಂಗಳು ಹುಟ್ಟಿದ ಎರಡನೆಯ ದಿನ ಎಂದೂ ಸೇರಿಸುತ್ತಾನೆ. ಅನಂತರ, ತಪಸ್ಸುಕಾಲದ ಎರಡನೆಯ ವಾರದಲ್ಲಿ ಎರಡು ದಿನಗಳು ಕಳೆದು, ನಾಲ್ಕನೆಯ ವಾರದಿನ ಬೆಳಗಾಗುತ್ತಿದ್ದಾಗ ಎಂಬ ವಿವರ ಬರುತ್ತದೆ. ಕೊನೆಗೆ ಕೊಂಕುರೆಂಟ್ ಐದು, ಎಪಾಕ್ಟ್ ಆರು ಎಂಬ ಎರಡು ಸಂಖ್ಯೆಗಳು. ಒಂದು ದಿನವನ್ನು ಗುರುತಿಸಲು ಇಷ್ಟೊಂದು ಬೇಕೆ? ಬೇಕು ಎಂಬುದಷ್ಟೇ ಅಲ್ಲ, ಇವುಗಳಲ್ಲಿ ಒಂದನ್ನು ಅವಸರದಲ್ಲಿ ಓದಿದರೆ ಪಠ್ಯವನ್ನೇ ಅಕಾರಣವಾಗಿ ತಿದ್ದುವ ಅಪಾಯವಿದೆ ಎಂಬುದನ್ನು ಇಲ್ಲಿ ತೋರಿಸಬೇಕೆಂದಿದ್ದೇನೆ.

ಸುಲಭವಾದದ್ದನ್ನು ಮೊದಲು ನೋಡೋಣ. ಮಾರ್ಚ್ ತಿಂಗಳ ನೋನ್ಸ್ 7ನೆಯ ತಾರೀಖು. ರೋಮನ್ ಪದ್ಧತಿಯಲ್ಲಿ ಎಣಿಕೆಯ ಎರಡು ತುದಿಗಳೂ ಲೆಕ್ಕಕ್ಕೆ ಸೇರುತ್ತವೆ. 7ರಿಂದ ಹಿಂದಕ್ಕೆ, 7ನ್ನೂ ಸೇರಿಸಿ ಆರು ಎಣಿಸಿದರೆ ಮಾರ್ಚ್ 2 ಬರುತ್ತದೆ. ಮಗು ಹುಟ್ಟಿದ ದಿನವನ್ನೇ ಮೊದಲನೆಯದೆಂದು ಎಣಿಸಿ ಹನ್ನೊಂದನೆಯ ದಿನ ನಾಮಕರಣ ಮಾಡುವ ನಮಗೆ ಇದು ಹೊಸತಲ್ಲ. ಹಬ್ಬದ ‘ಅಷ್ಟಮ’, ಎಂದರೆ ಒಕ್ತಾವ, ಎಂಬ ಮಾತೂ ಹೀಗೆಯೇ: ಹಬ್ಬ ಭಾನುವಾರ ಬಿದ್ದರೆ ಅದರ ಎಂಟನೆಯ ದಿನವೂ ಭಾನುವಾರವೇ ಆಗಿರುತ್ತದೆ. ಇನ್ನು ‘ನಾಲ್ಕನೆಯ ವಾರದಿನ’, ಲ್ಯಾಟಿನ್‌ನಲ್ಲಿ ನಾಲ್ಕನೆಯ ‘ಫೇರಿಯಾ’, ಬುಧವಾರ. ಗ್ರಹಗಳ ಹೆಸರು ಕ್ರೈಸ್ತರಿಗೆ ಸಲ್ಲದೆಂದು ಚರ್ಚು ವಾರಗಳಿಗೆ ಸಂಖ್ಯೆ ಕೊಟ್ಟಿತು. ಭಾನುವಾರ ಮೊದಲನೆಯದು, ಸೋಮವಾರ ಎರಡನೆಯದು. ಪೋರ್ಚುಗೀಸ್ ಭಾಷೆ ಇಂದಿಗೂ ಬುಧವಾರವನ್ನು ‘ಕ್ವಾರ್ತ ಫೇಯಿರ’ ಎನ್ನುತ್ತದೆ. ಗೋವೆಯ ದಫ್ತರಗಳಲ್ಲಿ ಕೆಲಸ ಮಾಡಿದವರು ಇದನ್ನು ಬಲ್ಲರು.

ಕೊಂಕುರೆಂಟ್ ಮತ್ತು ಎಪಾಕ್ಟ್ ಎಂಬವು ವರ್ಷಕ್ಕೊಂದರಂತೆ ನಿಗದಿಯಾದ ಸಂಖ್ಯೆಗಳು. ಮಾರ್ಚ್ 24 ಯಾವ ವಾರ ಬೀಳುತ್ತದೆ ಎಂಬುದನ್ನು ಕೊಂಕುರೆಂಟ್ ಸೂಚಿಸಿದರೆ, ಮಾರ್ಚ್ 22ರಂದು ಚಂದ್ರನ ವಯಸ್ಸೆಷ್ಟು ಎಂಬುದನ್ನು ಎಪಾಕ್ಟ್ ಸೂಚಿಸುತ್ತದೆ. ಗಾಲ್ಬರ್ಟ್ ಕೊಟ್ಟ ಸಂಖ್ಯೆಗಳನ್ನು ಪರೀಕ್ಷಿಸೋಣ. ಕೊಂಕುರೆಂಟ್ ಐದು ಎಂದಮೇಲೆ ಮಾರ್ಚ್ 24 ಗುರುವಾರ. ಹಾಗಿದ್ದರೆ ಮೂರು ವಾರ ಹಿಂದಿನ ಮಾರ್ಚ್ 3 ಗುರುವಾರ, ಮಾರ್ಚ್ 2 ಬುಧವಾರ. ಎಪಾಕ್ಟ್ ಆರು ಎಂದಮೇಲೆ ಮಾರ್ಚ್ 22ಕ್ಕೆ ಚಂದ್ರನ ಆರನೆಯ ದಿನ. ಮೊದಲನೆಯ ದಿನ ಮಾರ್ಚ್ 17, ಹದಿನಾಲ್ಕನೆಯ ದಿನ ಮಾರ್ಚ್ 30. ವಸಂತ ವಿಷುವದಂದು, ಎಂದರೆ ಚರ್ಚಿನ ಲೆಕ್ಕದಲ್ಲಿ ಮಾರ್ಚ್ 21ರಂದು, ಅಥವಾ ಆಮೇಲೆ ಬರುವ ಚಂದ್ರನ ಹದಿನಾಲ್ಕನೆಯ ದಿನದ ಮುಂದಿನ ಭಾನುವಾರವೇ ಈಸ್ಟರ್. 1127ರ ಮಾರ್ಚ್ 30 ಬುಧವಾರವಾದ್ದರಿಂದ ಆ ವರ್ಷದ ಈಸ್ಟರ್ ಏಪ್ರಿಲ್ 3. ಅಲ್ಲಿಂದ ಹಿಂದಕ್ಕೆ ಬಂದರೆ ಬೂದಿ ಬುಧವಾರ ಫೆಬ್ರವರಿ 16, ತಪಸ್ಸುಕಾಲದ ಮೊದಲ ಭಾನುವಾರ 20, ಎರಡನೆಯದು 27. ಈ ಎರಡನೆಯ ಭಾನುವಾರಕ್ಕೆ, ಅಂದಿನ ಪೂಜೆಯ ಪ್ರವೇಶಗೀತದ ಮೊದಲ ಪದದಿಂದಾಗಿ, ‘ರೆಮಿನಿಸ್ಕೆರೆ’ ಎಂಬ ಹೆಸರಿದೆ. ಇನ್ನೊಬ್ಬ ವೃತ್ತಾಂತಕಾರನಾಗಿದ್ದರೆ ‘ರೆಮಿನಿಸ್ಕೆರೆಯ ಮುಂದಿನ ಬುಧವಾರ’ ಎಂದಷ್ಟೇ ಹೇಳಿ ಮುಗಿಸುತ್ತಿದ್ದ.

ಹೀಗೆ ಒಂದೊಂದು ಅಂಗವೂ ಇನ್ನೊಂದನ್ನು ದೃಢಪಡಿಸುತ್ತದೆ. ಒಂದು ಕಡೆ ಮಾತ್ರ ಗಂಟು ಬೀಳುತ್ತದೆ. ಎರಡನೆಯ ವಾರ ಭಾನುವಾರ ಫೆಬ್ರವರಿ 27ರಂದು ಆರಂಭವಾದರೆ ಬುಧವಾರದ ಹೊತ್ತಿಗೆ ಭಾನುವಾರ, ಸೋಮವಾರ, ಮಂಗಳವಾರ ಎಂದು ಮೂರು ದಿನಗಳು ಕಳೆದಿರಬೇಕು. ಗಾಲ್ಬರ್ಟ್ ಹೇಳುವುದು ಎರಡೇ. ವಾರವನ್ನು ಭಾನುವಾರದಿಂದ ಎಣಿಸಿ ಎರಡು ದಿನ ಕಳೆದರೆ ನಾವು ಮಂಗಳವಾರ, ಮಾರ್ಚ್ 1ಕ್ಕೆ ನಿಲ್ಲುತ್ತೇವೆ. ಆಗ ವಾರ, ತಾರೀಖು, ಕೊಂಕುರೆಂಟ್ ಎಲ್ಲದಕ್ಕೂ ವಿರೋಧ ಬರುತ್ತದೆ. ಇಂಥಲ್ಲಿ ಸಂಪಾದಕನಿಗೆ ಆಗುವ ಆಸೆ ನಮಗೆಲ್ಲ ಗೊತ್ತಿರುವುದೇ: ‘ಎರಡು’ ಎಂಬುದು ಲಿಪಿಕಾರನ ಕೈತಪ್ಪು, ‘ಮೂರು’ ಎಂದು ಓದಬೇಕು ಎಂದು ಅಡಿಟಿಪ್ಪಣಿ ಬರೆದುಬಿಡುವುದು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ತಪ್ಪೇ ಇಲ್ಲ. ಗಾಲ್ಬರ್ಟ್ ಎಣಿಸುತ್ತಿರುವುದು ವಾರದ ದಿನಗಳನ್ನಲ್ಲ, ಉಪವಾಸದ ದಿನಗಳನ್ನು. ಭಾನುವಾರ ಪುನರುತ್ಥಾನದ ಸ್ಮರಣೆಯ ದಿನವಾದ್ದರಿಂದ ತಪಸ್ಸುಕಾಲದಲ್ಲೂ ಅಂದು ಉಪವಾಸವಿಲ್ಲ. ನಲವತ್ತು ದಿನಗಳ ವ್ರತವೆಂದು ಕರೆಯುವ ಈ ಅವಧಿಯನ್ನು 1127ರಲ್ಲಿಯೇ ಎಣಿಸಿ ನೋಡಬಹುದು. ಫೆಬ್ರವರಿ 16ರಿಂದ ಏಪ್ರಿಲ್ 2ರ ವರೆಗೆ 46 ದಿನಗಳಿವೆ. ಅವುಗಳಲ್ಲಿ ಆರು ಭಾನುವಾರಗಳು. ಕಳೆದರೆ ಉಳಿಯುವುದು ಸರಿಯಾಗಿ 40. ಭಾನುವಾರವನ್ನು ಬಿಟ್ಟು ಎಣಿಸುವುದು ಆ ಕಾಲದ ವಿಶೇಷ ತರ್ಕವಲ್ಲ, ವ್ರತದ ಹೆಸರಿನಲ್ಲೇ ಅಡಗಿರುವ ಲೆಕ್ಕ. ಆ ಲೆಕ್ಕದಂತೆ ಎರಡನೆಯ ವಾರದಲ್ಲಿ ಕಳೆದದ್ದು ಸೋಮವಾರ ಮತ್ತು ಮಂಗಳವಾರ, ಎರಡೇ ದಿನ. ಬುಧವಾರ ಬೆಳಗಾಗುತ್ತಿದೆ. ಪಠ್ಯವನ್ನು ಮುಟ್ಟಬೇಕಾಗಿಲ್ಲ.

ಇದರ ಪರಿಣಾಮ ಕೇವಲ ಅಂಕಗಣಿತದ್ದಲ್ಲ. ಕೌಂಟ್ ಸತ್ತದ್ದು ವ್ರತದ ಎಷ್ಟನೆಯ ದಿನ ಎಂದು ಗಾಲ್ಬರ್ಟ್ ಮನಸ್ಸಿನಲ್ಲೇ ಎಣಿಸುತ್ತಿದ್ದಾನೆ ಎಂಬುದು ಇದರಿಂದ ಹೊರಬೀಳುತ್ತದೆ. ಪ್ರಾರ್ಥಿಸುತ್ತ, ದಾನ ಕೊಡುತ್ತ, ವ್ರತದ ನಡುವೆ ಸತ್ತವನು ಹುತಾತ್ಮ ಎಂಬುದು ಅವನ ಇಡೀ ಗ್ರಂಥದ ವಾದ. ಆ ವಾದ ಕಾಲನಿರ್ದೇಶದ ವಾಕ್ಯದಲ್ಲೇ ಮೊಳೆತಿದೆ. ‘ಎರಡು’ನ್ನು ‘ಮೂರು’ ಮಾಡಿದ ಸಂಪಾದಕ ದಿನಾಂಕವನ್ನೇನೋ ಉಳಿಸುತ್ತಾನೆ, ಆದರೆ ಆ ಎಣಿಕೆಯ ಹಿಂದಿನ ಮನಸ್ಸನ್ನು ಅಳಿಸಿಬಿಡುತ್ತಾನೆ. ಅದೇ ವಾಕ್ಯದ ಕೊಂಕುರೆಂಟ್, ಎಪಾಕ್ಟ್‌ಗಳಲ್ಲಿ ಇನ್ನೊಂದು ಮನಸ್ಸು ಕೆಲಸ ಮಾಡುತ್ತಿದೆ. ಇವು ಆ ಕಾಲದ ದಾನಪತ್ರಗಳ ಕೊನೆಯಲ್ಲಿ ಕಾಣುವ ಸಂಖ್ಯೆಗಳು. ಕರಣಿಕನಾದ ಗಾಲ್ಬರ್ಟ್ ಕೊಲೆಯನ್ನು ಒಂದು ದಸ್ತಾವೇಜಿನಂತೆ, ಮುಂದೆ ಯಾರೂ ಅಲ್ಲಗಳೆಯಲಾಗದಂತೆ ನಮೂದಿಸುತ್ತಿದ್ದಾನೆ. ಭಕ್ತನ ಎಣಿಕೆ ಮತ್ತು ಕರಣಿಕನ ಎಣಿಕೆ ಎರಡೂ ಒಂದೇ ವಾಕ್ಯದಲ್ಲಿವೆ.

ವರ್ಷದ ಪ್ರಶ್ನೆ ಬೇರೆಯೇ ಆದದ್ದು. ಮಧ್ಯಯುಗದ ಯುರೋಪಿನಲ್ಲಿ ‘ಪ್ರಭುವಿನ ವರ್ಷ’ ಯಾವ ದಿನ ಆರಂಭವಾಗುತ್ತದೆ ಎಂಬುದರಲ್ಲಿ ಒಮ್ಮತವಿರಲಿಲ್ಲ. ಶಾರ್ಲಮೇನ್‌ನ ಪಟ್ಟಾಭಿಷೇಕ ನಮ್ಮ ಪಠ್ಯಪುಸ್ತಕಗಳಲ್ಲಿ 800ರ ಡಿಸೆಂಬರ್ 25. ಫ್ರಾಂಕ್ ರಾಜರ ವಾರ್ಷಿಕ ವೃತ್ತಾಂತದಲ್ಲಾದರೋ ಅದು 801ರ ಮೊದಲ ಘಟನೆ, ಏಕೆಂದರೆ ಅಲ್ಲಿ ವರ್ಷ ಹುಟ್ಟುವುದೇ ಕ್ರಿಸ್‌ಮಸ್ ದಿನ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಹತನಾದದ್ದು 1170ರ ಡಿಸೆಂಬರ್ 29, ಕ್ರಿಸ್‌ಮಸ್ಸಿನ ಐದನೆಯ ದಿನ. ಕ್ರಿಸ್‌ಮಸ್‌ನಿಂದ ವರ್ಷ ಎಣಿಸುವವರಿಗೆ ಅದು 1171. ಅದೇ ಕ್ಯಾಂಟರ್ಬರಿಯ ಸನ್ಯಾಸಿ ಗರ್ವಾಸ್ ತನ್ನ ವೃತ್ತಾಂತದ ಆರಂಭದಲ್ಲಿಯೇ ಈ ಗೊಂದಲದ ಬಗ್ಗೆ ದೂರುತ್ತಾನೆ. ಫ್ಲಾರೆನ್ಸಿನವರೂ ಪೀಸಾದವರೂ ಮಾರ್ಚ್ 25ರ ದೇವದೂತನ ಸಂದೇಶದ ಹಬ್ಬದಿಂದಲೇ ವರ್ಷ ಆರಂಭಿಸುತ್ತಿದ್ದರೂ ಪೀಸಾದ ಲೆಕ್ಕ ಒಂದು ವರ್ಷ ಮುಂದೆ. ಹೀಗಾಗಿ ಎರಡು ನೆರೆಯ ನಗರಗಳ ದಸ್ತಾವೇಜುಗಳಲ್ಲಿ ಒಂದೇ ದಿನಕ್ಕೆ ಎರಡು ಇಸವಿಗಳು. ಇದು ಕೊನೆಗೊಂಡದ್ದು 1750ರಲ್ಲಿ.

ಎಲ್ಲಕ್ಕಿಂತ ಕಷ್ಟದ್ದು ಫ್ರೆಂಚ್ ರಾಜರ ಕಚೇರಿಯಲ್ಲಿ ರೂಢಿಗೆ ಬಂದ ಈಸ್ಟರ್ ವರ್ಷ. ಈಸ್ಟರ್ ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಓಡಾಡುವ ಹಬ್ಬವಾದ್ದರಿಂದ ಆ ವರ್ಷದ ಉದ್ದವೇ ಬದಲಾಗುತ್ತದೆ. 1127ರ ಈಸ್ಟರ್ ಏಪ್ರಿಲ್ 3, 1128ರದು ಏಪ್ರಿಲ್ 22. ಈ ಪದ್ಧತಿಯಂತೆ ಎಣಿಸಿದರೆ 1127ನೆಯ ವರ್ಷದಲ್ಲಿ ಏಪ್ರಿಲ್ 3ರಿಂದ 21ರ ವರೆಗಿನ ದಿನಾಂಕಗಳು ಎರಡೆರಡು ಬಾರಿ ಬರುತ್ತವೆ. ಬರೀ ‘1127ರ ಏಪ್ರಿಲ್ 10’ ಎಂದರೆ ಯಾವುದು? ಈಸ್ಟರ್‌ಗೆ ಮುಂಚೆಯೋ ಆಮೇಲೋ ಎಂದು ಬರೆದಿದ್ದರೆ ಮಾತ್ರ ತಿಳಿಯುತ್ತದೆ. ಫ್ರಾನ್ಸಿನಲ್ಲಿ ಜನವರಿ 1ಕ್ಕೆ ವರ್ಷಾರಂಭವನ್ನು ವಿಧಿಸಿದ್ದು 1564ರ ರಾಜಾಜ್ಞೆ.

ಗಾಲ್ಬರ್ಟನ 1127 ಯಾವ ಬಗೆಯದು? ಫ್ಲಾಂಡರ್ಸ್ ಫ್ರೆಂಚ್ ರಾಜನ ಅಧೀನ ಪ್ರಾಂತ, ಆದ್ದರಿಂದ ಸಂದೇಹ ಸಹಜ. ಅವನು ಈಸ್ಟರ್‌ನಿಂದ ಎಣಿಸಿದ್ದರೆ ಅವನ 1127ರ ಮಾರ್ಚ್ 2 ನಮ್ಮ 1128ಕ್ಕೆ ಬೀಳಬೇಕು. ಆ ವರ್ಷ ಅದು ಶುಕ್ರವಾರ, ಬೂದಿ ಬುಧವಾರ ಮಾರ್ಚ್ 7. ವ್ರತವೇ ಇನ್ನೂ ಆರಂಭವಾಗಿರಲಿಲ್ಲ. ತಪಸ್ಸುಕಾಲದ ಒಂದು ಮಾತು ಈ ಸಂದೇಹವನ್ನು ಪೂರ್ತಿ ನಿವಾರಿಸುತ್ತದೆ.

ಹಬ್ಬಗಳ ಹೆಸರುಗಳಲ್ಲೂ ಎಚ್ಚರ ಬೇಕು. ‘ಸಂತ ಯೊವಾನ್ನರ ಹಬ್ಬ’ ಎಂದಾಗ ಸ್ನಾನಿಕ ಯೊವಾನ್ನನೋ ಶುಭಸಂದೇಶಕಾರನೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು. ಮೊದಲನೆಯದು ಜೂನ್ 24, ಎರಡನೆಯದು ಡಿಸೆಂಬರ್ 27. ಸ್ನಾನಿಕನ ಶಿರಚ್ಛೇದದ ಸ್ಮರಣೆ ಆಗಸ್ಟ್ 29ಕ್ಕೆ ಬೇರೆ ಇದೆ. ಸಂತ ಮಾರ್ಟಿನನಿಗೆ ನವೆಂಬರ್ 11ರ ಹಬ್ಬದ ಜೊತೆಗೆ ಜುಲೈ 4ರಂದು ಇನ್ನೊಂದು. ಸಂತ ಬೆನೆಡಿಕ್ಟನಿಗೆ ಮಾರ್ಚ್ 21 ಮತ್ತು ಜುಲೈ 11. ‘ಪಾಸ್ಕ’ ಎಂದರೆ ಈಸ್ಟರ್ ಎಂದು ಮುಂದೆ ಹೋಗುವಂತಿಲ್ಲ. ಅದಕ್ಕೆ ‘ಹೂವಿನ’ ಎಂಬ ವಿಶೇಷಣ ಸೇರಿದರೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ‘ಮುಚ್ಚಿದ’ ಎಂಬುದು ಸೇರಿದರೆ ಒಂದು ವಾರ ಅನಂತರದ ಭಾನುವಾರ. ‘ಮಾಂಸ ಬಿಡುವ ದಿನ’ವಂತೂ ಊರಿನಿಂದ ಊರಿಗೆ, ಪಾದ್ರಿಗಳಿಂದ ಜನಸಾಮಾನ್ಯರಿಗೆ ಬದಲಾಗುತ್ತಿತ್ತು. ಗ್ರೋಟೆಫೆಂಡ್‌ನ ಜರ್ಮನ್ ಕೈಪಿಡಿಯೂ ಚೇನಿಯ ಇಂಗ್ಲಿಷ್ ಕೈಪಿಡಿಯೂ ಇವೆಲ್ಲವನ್ನೂ ಪಟ್ಟಿಮಾಡಿ ಕೊಡುತ್ತವೆ. ಬರೆದವನು ಯಾವ ಊರಿನವನು, ಯಾವ ಮಠದವನು ಎಂಬುದನ್ನು ಓದುಗನೇ ಗೊತ್ತುಮಾಡಿಕೊಳ್ಳಬೇಕು. ಈ ಅಭ್ಯಾಸ ಮಧ್ಯಯುಗದೊಂದಿಗೆ ಮುಗಿಯಲಿಲ್ಲ. ಅಲ್ಬುಕರ್ಕ್ 1510ರ ನವೆಂಬರ್ 25ರಂದು ಗೋವೆಯನ್ನು ಗೆದ್ದ ದಿನ ಸಂತ ಕ್ಯಾಥರೀನಳ ಹಬ್ಬ. ಹಳೆಯ ಗೋವೆಯ ಪ್ರಧಾನ ಚರ್ಚು ಅವಳ ಹೆಸರಿನಲ್ಲಿರುವುದಕ್ಕೆ ಅದೇ ಕಾರಣ. ಮಂಗಳೂರು, ಕಾಸರಗೋಡಿನ ಕಡೆ ‘ಮೊಂತಿ ಫೆಸ್ತಿನ ಮುಂಚಿನ ವಾರ’ ಎಂದರೆ ಕೇಳಿದವರು ತಾರೀಖು ವಿಚಾರಿಸುವುದಿಲ್ಲ.

ಕನ್ನಡ ಶಾಸನಗಳನ್ನು ಓದುವವರಿಗೆ ಈ ಪರೀಕ್ಷಾಕ್ರಮ ಪರಿಚಿತವೇ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಒಮ್ಮೊಮ್ಮೆ ಸಂಕ್ರಮಣ ಅಥವಾ ಗ್ರಹಣ ಎಂದು ನಮ್ಮ ಶಾಸನಕಾರರೂ ದಿನವನ್ನು ಹಲವು ಹಗ್ಗಗಳಿಂದ ಕಟ್ಟುತ್ತಾರೆ. ಗತವರ್ಷವೋ ವರ್ತಮಾನವರ್ಷವೋ ಎಂಬ ನಮ್ಮ ಹಳೆಯ ತೊಡಕು ಮೇಲೆ ಹೇಳಿದ ವರ್ಷಾರಂಭದ ತೊಡಕಿನ ಸೋದರ. ಫ್ಲೀಟ್, ಕೀಲ್‌ಹಾರ್ನ್ ಅವರ ಕಾಲದಿಂದ ವಾರ ಮತ್ತು ತಿಥಿಯ ಹೊಂದಾಣಿಕೆಯೇ ಮುಖ್ಯ ಪರೀಕ್ಷೆಯಾಗಿದೆ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಸಂಪುಟಗಳು ಆ ಕೆಲಸವನ್ನು ಸುಲಭಗೊಳಿಸಿದವು. ಆದರೆ ಈ ಸಾಮ್ಯವನ್ನು ನೆಚ್ಚಿ ಬಹಳ ದೂರ ಹೋಗಬಾರದು. ತಿಥಿಯನ್ನು ಗ್ರಹಗತಿಯ ಗಣಿತದಿಂದ ಪಡೆಯುವುದರಿಂದ ಅದು ಆಕಾಶದ ಚಂದ್ರನನ್ನು ಹತ್ತಿರದಿಂದಲೇ ಹಿಂಬಾಲಿಸುತ್ತದೆ. ಲ್ಯಾಟಿನ್ ವೃತ್ತಾಂತಗಳ ಚಂದ್ರ ಹಾಗಲ್ಲ. ಅದು ಹತ್ತೊಂಬತ್ತು ವರ್ಷಗಳ ಚಕ್ರದಲ್ಲಿ ಬರೆದಿಟ್ಟ ಕೋಷ್ಟಕದ ಚಂದ್ರ. ಬೀಡ್ 725ರಲ್ಲಿ ತನ್ನ ಕಾಲಗಣನೆಯ ಗ್ರಂಥದಲ್ಲಿ ವಿವರಿಸಿದ ಆ ಕೋಷ್ಟಕ ಸುಮಾರು 300 ವರ್ಷಕ್ಕೆ ಒಂದು ದಿನದಂತೆ ಆಕಾಶಕ್ಕಿಂತ ಹಿಂದೆ ಬೀಳುತ್ತಿತ್ತು.

ಗಾಲ್ಬರ್ಟನ ಗ್ರಂಥದಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ಕೊಲೆಗೆ ಮುಂಚಿನ ಬರಗಾಲವನ್ನು ವರ್ಣಿಸುವಾಗ ಅವನು 1124ರ ಆಗಸ್ಟ್‌ನಲ್ಲಿ ಕಂಡ ಸೂರ್ಯಗ್ರಹಣವನ್ನು ಹೇಳುತ್ತಾನೆ. ಅದು ಆಗಸ್ಟ್ 11ರ ಗ್ರಹಣ. ಆ ವರ್ಷದ ಎಪಾಕ್ಟ್ ಮೂರು. ಕೋಷ್ಟಕದ ನಿಯಮದಂತೆ ಆಗಸ್ಟ್ ತಿಂಗಳಿಗೆ ನಿಗದಿಯಾದ 14ನ್ನು ಅದಕ್ಕೆ ಕೂಡಿಸಿದರೆ ಆಗಸ್ಟ್ 1ರಂದು ಚಂದ್ರನ ವಯಸ್ಸು 17, ಆಗಸ್ಟ್ 11ರಂದು 27. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೃಷ್ಣ ದ್ವಾದಶಿಯಂದು ಸೂರ್ಯಗ್ರಹಣ! ಆಕಾಶದಲ್ಲಿ ಅಮಾವಾಸ್ಯೆ ಬಂದು ಗ್ರಹಣವೇ ಹಿಡಿದಿದ್ದರೂ ಚರ್ಚಿನ ಕೋಷ್ಟಕದಲ್ಲಿ ಚಂದ್ರನಿಗೆ ಇನ್ನೂ ಎರಡು ಮೂರು ದಿನಗಳ ಆಯುಷ್ಯ ಉಳಿದಿತ್ತು. ಆದ್ದರಿಂದ ಹನ್ನೆರಡನೆಯ ಶತಮಾನದ ಲ್ಯಾಟಿನ್ ಬರಹದಲ್ಲಿ ಚಂದ್ರನ ದಿನ ಸಿಕ್ಕಿದಾಗ ಅದನ್ನು ಖಗೋಳ ಗಣಿತದಿಂದ ಪರೀಕ್ಷಿಸಿ ತಪ್ಪೆಂದು ಸಾರುವುದು ಸರಿಯಲ್ಲ. ಮೊದಲು ಕೋಷ್ಟಕದೊಂದಿಗೆ ಹೋಲಿಸಬೇಕು. ಅಲ್ಲಿಯೂ ಹೊಂದದಿದ್ದರೆ ಆಗ ಲಿಪಿಕಾರನನ್ನು ಅನುಮಾನಿಸಬಹುದು.

ಈ ಹಿಂದುಳಿತವನ್ನು ಸರಿಪಡಿಸಿದ್ದು 1582ರ ಗ್ರೆಗೋರಿಯನ್ ಸುಧಾರಣೆ. ಅದು ಹತ್ತು ದಿನಗಳನ್ನು ತೆಗೆದುಹಾಕಿತು, ಚಂದ್ರನ ಕೋಷ್ಟಕವನ್ನೂ ತಿದ್ದಿತು. ಇಂದು ಈ ಸುಧಾರಣೆಯಿಂದಲೇ ಒಂದು ಹೊಸ ತಪ್ಪು ನುಸುಳುತ್ತಿದೆ. ಕೆಲವು ಗಣಕ ತಂತ್ರಾಂಶಗಳು ಗ್ರೆಗೋರಿಯನ್ ಲೆಕ್ಕವನ್ನೇ ಹಿಂದಿನ ಶತಮಾನಗಳಿಗೂ ಎಳೆದು ವಾರವನ್ನು ಹೇಳುತ್ತವೆ. 1127ರ ಮಾರ್ಚ್ 2 ಯಾವ ವಾರ ಎಂದು ಅಂಥದ್ದನ್ನು ಕೇಳಿದರೆ ಬುಧವಾರವೆಂಬ ಉತ್ತರವೇ ಬರುತ್ತದೆ. ಸಂಶೋಧಕನಿಗೆ ಸಮಾಧಾನವಾಗುತ್ತದೆ. ವಾಸ್ತವದಲ್ಲಿ ತಂತ್ರಾಂಶ ಹೇಳುತ್ತಿರುವುದು ಜೂಲಿಯನ್ ಲೆಕ್ಕದ ಫೆಬ್ರವರಿ 23ರ ವಾರವನ್ನು. 1100ರ ಮಾರ್ಚ್‌ನಿಂದ 1300ರ ಫೆಬ್ರವರಿಯ ವರೆಗೆ ಎರಡು ಪಂಚಾಂಗಗಳ ನಡುವಿನ ಅಂತರ ಸರಿಯಾಗಿ ಏಳು ದಿನ. ಹೀಗಾಗಿ ಆ ಇನ್ನೂರು ವರ್ಷಗಳಲ್ಲಿ ವಾರದ ಪರೀಕ್ಷೆ ಈ ತಪ್ಪನ್ನು ಹಿಡಿಯಲಾರದು. ಫೆಬ್ರವರಿ 23 ಕೂಡ ಬುಧವಾರವೇ. ಆದರೆ ಅದು ತಪಸ್ಸುಕಾಲದ ಮೊದಲನೆಯ ವಾರದ ಬುಧವಾರ. ಗಾಲ್ಬರ್ಟ್ ಎರಡನೆಯ ವಾರ ಎಂದಿದ್ದಾನೆ.